ಬೀದಿ ಸುತ್ತು ಕಾಯಂ ಆಯಿತು: ಸಲ್ಲಬೇಕಾದವರಿಗೆ ಕೃತಜ್ಞತೆ

ಪ್ರಯೋಗವೆಂದು ಶುರುವಾಗಿದ್ದ ಬೀದಿ ಶುಶ್ರೂಷೆಯ ಸುತ್ತು ಇನ್ನು ಕಾಯಂ. ಸ್ಕಿಜೋಫ್ರೇನಿಯಾ, ಬೈಪೋಲಾರ್, ತೀವ್ರ ಖಿನ್ನತೆಯಂಥ ಕಾಯಿಲೆಗಳ ಜೊತೆ ಮನೆಯೂ ಇಲ್ಲದೆ ಬದುಕುತ್ತಿರುವವರನ್ನು ಅವರಿದ್ದಲ್ಲಿಗೇ ಹೋಗಿ ನೋಡಿಕೊಳ್ಳುವ ಕೆಲಸ ಇದು. ಆದೇಶ ಬಂದಾಗಿನಿಂದ ಅಭಿನಂದನೆಗಳೆಲ್ಲ ನರ್ಸುಗಳ ಹೆಸರಿಗೇ ಬರುತ್ತಿವೆ. ಅದರಲ್ಲಿ ದೊಡ್ಡ ಪಾಲು ಬೇರೆಯವರದು. ಯಾರದು, ಯಾತಕ್ಕೆ ಎಂದು ಬಿಡಿಸಿ ಹೇಳದೆ ‘ಎಲ್ಲರಿಗೂ ವಂದನೆಗಳು’ ಅಂದುಬಿಟ್ಟರೆ ಅದು ಸಮಾರಂಭದ ಕೊನೆಯ ಭಾಷಣವಾಗುತ್ತದೆ. ಹಾಗಾಗಿ ಈ ಬರಹ ತುಸು ಉದ್ದವಾಗಿದೆ, ತಾಳ್ಮೆಯಿಂದ ಓದಿ.

ಮೊದಲ ನಮಸ್ಕಾರ ಬಸ್ ನಿಲ್ದಾಣಗಳ ರಾತ್ರಿ ಕಾವಲುಗಾರರಿಗೆ, ನಸುಕಿನಲ್ಲಿ ಕಸ ಗುಡಿಸುವವರಿಗೆ, ಸಾರ್ವಜನಿಕ ಶೌಚಾಲಯ ನೋಡಿಕೊಳ್ಳುವವರಿಗೆ, ಗ್ರಂಥಾಲಯದ ಸಿಬ್ಬಂದಿಗೆ. ಈ ಕೆಲಸದಲ್ಲಿ ಸೂಜಿ ಚುಚ್ಚುವುದಕ್ಕೆ ನಿಮಿಷ ಸಾಕು. ಚುಚ್ಚಿಸಿಕೊಳ್ಳಬೇಕಾದವರು ಆ ದಿನ ಎಲ್ಲಿದ್ದಾರೆ ಎಂದು ತಿಳಿಯುವುದೇ ಪೂರ್ತಿ ಕೆಲಸ. ಸ್ಕಿಜೋಫ್ರೇನಿಯಾಕ್ಕೆ ತಿಂಗಳಿಗೊಮ್ಮೆ ಚುಚ್ಚುವ ಪ್ಯಾಲಿಪೆರಿಡೋನ್ ಪಾಲ್ಮಿಟೇಟಿನ ಲೆಕ್ಕ ನೋಡಿ. ಮೊದಲ ದಿನ 150 ಮಿ.ಗ್ರಾಂ, ಎಂಟನೆಯ ದಿನ 100 ಮಿ.ಗ್ರಾಂ, ಎರಡೂ ತೋಳಿನ ಸ್ನಾಯುವಿಗೇ. ಪೃಷ್ಠಕ್ಕಿಂತ ತೋಳಿನಿಂದ ಔಷಧ ರಕ್ತಕ್ಕೆ ಬೇಗ ಏರುತ್ತದೆ. ಎರಡನೆಯದನ್ನು ನಾಲ್ಕು ದಿನ ಹಿಂದೆ ಮುಂದೆ ಕೊಡಬಹುದು. ಆಮೇಲೆ ತಿಂಗಳಿಗೊಂದು, ಅದಕ್ಕೆ ಏಳು ದಿನಗಳ ಸಡಿಲಿಕೆ ಇದೆ. ಕೊನೆಯ ಇಂಜೆಕ್ಷನ್ನಿಗೆ ಆರು ವಾರ ದಾಟಿತೋ, ಸುಮ್ಮನೆ ಮುಂದುವರಿಸುವಂತಿಲ್ಲ. ವಾರದ ಅಂತರದಲ್ಲಿ ಎರಡು ಸಲ ಕೊಟ್ಟು ಮತ್ತೆ ಹಳಿಗೆ ತರಬೇಕು. ಆರು ತಿಂಗಳು ದಾಟಿದರೆ ಒಂದರಿಂದ ಶುರು. ಹೀಗಿರುವಾಗ ‘ಆಕೆ ಈಗ ಇಲ್ಲಿ ಮಲಗ್ತಿಲ್ಲ, ಮೇಲ್ಸೇತುವೆ ಕೆಳಗೆ ಹೋಗಿದ್ದಾಳೆ’ ಎಂಬ ಕಾವಲುಗಾರರ ಒಂದು ಮಾತಿನ ಬೆಲೆ ಎಷ್ಟೆಂದು ಬೇರೆ ಹೇಳಬೇಕಿಲ್ಲ.

ಇವರಲ್ಲಿ ಯಾರೂ ‘ಅವರಿಗೇನು ಕಾಯಿಲೆ’ ಎಂದು ಕೆದಕಲಿಲ್ಲ. ಹೇಳಿಹೋದ ಸಂದೇಶವನ್ನು ಅಷ್ಟಕ್ಕಷ್ಟೇ ತಲುಪಿಸಿದರು: ನರ್ಸ್ ಬಂದಿದ್ದರು, ಗುರುವಾರ ಮತ್ತೆ ಬರುತ್ತಾರೆ. ಇಂಜೆಕ್ಷನ್ ಎಂಬ ಪದವನ್ನು ನಾಲ್ಕು ಜನರೆದುರು ಕೂಗಿ ಹೇಳಿದರೆ ಆ ವ್ಯಕ್ತಿ ಮರುದಿನದಿಂದ ಆ ಜಾಗವನ್ನೇ ಬಿಡುವ ಸಾಧ್ಯತೆ ಇರುತ್ತದೆ. ಇದನ್ನು ಯಾವ ತರಬೇತಿಯೂ ಇಲ್ಲದೆ ಅವರು ಬಲ್ಲವರಾಗಿದ್ದರು.

ಔಷಧಾಲಯದವರಿಗೆ ಎರಡನೆಯ ನಮನ. ಬೀದಿಗೆ ಯಾವ ಔಷಧ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂದು ಕಾಗದದ ಮೇಲೆ ತೂಗಿನೋಡಿದವರು ಅವರು. ಇಂಥದೇ ಇನ್ನೊಂದು ಇಂಜೆಕ್ಷನ್ ಓಲಾಂಜಪಿನ್ ಪಮೋಯೇಟ್ ಪಟ್ಟಿಯಿಂದ ಹೊರಗೆ ಉಳಿಯಿತು: ಅಪರೂಪಕ್ಕೆ ಅದು ರಕ್ತನಾಳಕ್ಕೆ ಸೋರಿ ವಿಪರೀತ ಮಂಪರು, ಗೊಂದಲ ತರುತ್ತದೆ, ಪ್ರತಿ ಇಂಜೆಕ್ಷನ್ ಆದಮೇಲೂ ಮೂರು ಗಂಟೆ ಆರೋಗ್ಯ ಕೇಂದ್ರದಲ್ಲೇ ಕೂರಿಸಿ ಗಮನಿಸಬೇಕು. ಎರಡು ವಾರಕ್ಕೊಮ್ಮೆ ಕೊಡುವ ರಿಸ್ಪೆರಿಡೋನ್ ಮೈಕ್ರೋಸ್ಫಿಯರಿಗೆ 2ರಿಂದ 8 ಡಿಗ್ರಿಯ ತಂಪು ಬೇಕು, ಜೊತೆಗೆ ಮೊದಲ ಮೂರು ವಾರ ಮಾತ್ರೆಯ ಆಸರೆ ಬೇಕು. ಚೀಲ ಹೊತ್ತು ನಡೆಯುವವರಿಗೆ ಅದು ದೂರದ ಮಾತು. ಉಳಿದದ್ದು ಪ್ಯಾಲಿಪೆರಿಡೋನ್, ಮತ್ತು ಎಳ್ಳೆಣ್ಣೆಯಲ್ಲಿ ಕರಗಿಸಿದ ಹ್ಯಾಲೊಪೆರಿಡಾಲ್, ಫ್ಲೂಫೆನಜಿನ್ ಡೆಕನೋಯೇಟುಗಳು. ಎಳ್ಳಿನ ಅಲರ್ಜಿ ಇದೆಯೇ ಎಂದು ಕೇಳಿಯೇ ಮುಂದುವರಿಯಬೇಕು. ಇವೆಲ್ಲ ಡಿಪೋ ಔಷಧಗಳು, ಅಂದರೆ ಸ್ನಾಯುವಿನಲ್ಲಿ ಉಳಿದು ವಾರಗಟ್ಟಲೆ ನಿಧಾನವಾಗಿ ರಕ್ತಕ್ಕೆ ಸೇರುವಂಥವು; ಒಮ್ಮೆ ಒಳಹೋದದ್ದನ್ನು ವಾಪಸು ತೆಗೆಯಲಾಗದು, ಹಾಗಾಗಿ ಅದೇ ಔಷಧವನ್ನು ಬಾಯಿಯ ಮೂಲಕ ಕೊಟ್ಟು ಒಗ್ಗುತ್ತದೆಯೇ ಎಂದು ಮೊದಲು ನೋಡಬೇಕು.

ಸಿರಿಂಜುಗಳ ಜೊತೆ ಅವರು ಕೊಟ್ಟ ಚೀಟಿಯಲ್ಲಿದ್ದ ಮಾತುಗಳನ್ನು ಇಲ್ಲಿ ಹಂಚಿಕೊಳ್ಳದಿದ್ದರೆ ತಪ್ಪಾದೀತು. ಎಣ್ಣೆ ಔಷಧಕ್ಕೆ 21 ಗೇಜಿನ ಸೂಜಿ, ಪೂರ್ತಿ ಒಣಗಿದ ಸಿರಿಂಜು; ಒಂದು ಜಾಗಕ್ಕೆ 3 ಮಿ.ಲೀ. ಮೀರದಂತೆ, ನಿಧಾನವಾಗಿ. ಚರ್ಮವನ್ನು ಎರಡು ಮೂರು ಸೆಂಟಿಮೀಟರ್ ಪಕ್ಕಕ್ಕೆ ಎಳೆದು ಹಿಡಿದು ಚುಚ್ಚಿ, ಔಷಧ ಹೋದಮೇಲೆ ಹತ್ತು ಸೆಕೆಂಡ್ ಕಾದು, ಸೂಜಿ ಹೊರತೆಗೆದು, ಆಮೇಲಷ್ಟೇ ಚರ್ಮ ಬಿಡುವುದು. ಹೀಗೆ ಮಾಡದಿದ್ದರೆ ಎಣ್ಣೆ ಬಂದ ದಾರಿಯಲ್ಲೇ ಹೊರಗೆ ಜಿನುಗುತ್ತದೆ, ಡೋಸು ಕಡಿಮೆಯಾಗುತ್ತದೆ, ಗಂಟು ನಿಲ್ಲುತ್ತದೆ. ಆಮೇಲೆ ತಿಕ್ಕಬಾರದು. ಪ್ಯಾಲಿಪೆರಿಡೋನ್ ಆದರೆ ಹತ್ತು ಸೆಕೆಂಡಾದರೂ ಜೋರಾಗಿ ಕುಲುಕಬೇಕು. ಇಲ್ಲವಾದರೆ ಅರ್ಧದಲ್ಲಿ ಸೂಜಿ ಕಟ್ಟಿಕೊಳ್ಳುತ್ತದೆ, ಚುಚ್ಚಿಸಿಕೊಂಡವರ ವಿಶ್ವಾಸವೂ ಅಲ್ಲಿಗೇ ನಿಲ್ಲುತ್ತದೆ. ಈ ಸಲ ಚುಚ್ಚಿದ್ದು ಎಡಕ್ಕೋ ಬಲಕ್ಕೋ ಎಂದು ಅವರವರ ಇಂಜೆಕ್ಷನ್ ಕಾರ್ಡಿನಲ್ಲಿ ಬರೆದುಕೊಡುವ ಪದ್ಧತಿಯೂ ಔಷಧಾಲಯದವರ ಸಲಹೆಯೇ. ಪೃಷ್ಠದ ಇಂಜೆಕ್ಷನ್ನನ್ನು ಪಾದಚಾರಿ ದಾರಿಯಲ್ಲಿ ಕೊಡಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಚಾದರ ಅಡ್ಡ ಹಿಡಿದರೂ ಅದು ಮರ್ಯಾದೆಯಲ್ಲ.

ಆ ಮರ್ಯಾದೆಗೊಂದು ಕೋಣೆ ಬಿಟ್ಟುಕೊಟ್ಟವರು ರಾತ್ರಿ ತಂಗುದಾಣದ ಸಿಬ್ಬಂದಿ. ಅವರ ಋಣ ಇನ್ನೂ ದೊಡ್ಡದಿರುವುದು ಕ್ಲೋಜಪಿನ್ ವಿಷಯದಲ್ಲಿ. ಬೇರೆ ಔಷಧಗಳಿಗೆ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ ಇದು ಕೆಲಸ ಮಾಡುತ್ತದೆ; ಆದರೆ ಇದು ಮಾತ್ರೆ, ದಿನವೂ ಬೇಕು. 48 ಗಂಟೆಗಿಂತ ಹೆಚ್ಚು ತಪ್ಪಿತೆಂದರೆ ಹಳೆಯ ಡೋಸು ಕೊಡುವಂತಿಲ್ಲ, 12.5 ಮಿ.ಗ್ರಾಂನಿಂದ ಮತ್ತೆ ಏರಿಸಬೇಕು. ಹಾಗೆ ಮಾಡದಿದ್ದರೆ ರಕ್ತದೊತ್ತಡ ಕುಸಿದು ಬೀಳುವ, ಫಿಟ್ಸ್ ಬರುವ ಅಪಾಯವಿದೆ. ಎರಡು ರಾತ್ರಿ ಬಾರದೆ ಮೂರನೆಯ ರಾತ್ರಿ ಬಂದವರಿಗೆ ಕರುಣೆಯಿಂದ ಎಲ್ಲ ಮಾತ್ರೆ ಕೊಟ್ಟುಬಿಡುವುದು ಸುಲಭ. ಅವರು ಹಾಗೆ ಕೊಡದೆ ಫೋನ್ ಮಾಡಿದರು.

ಸಿಗರೇಟಿನ ಲೆಕ್ಕವನ್ನೂ ಅವರೇ ಇಟ್ಟರು. ಇದನ್ನು ಕೇಳಿ ನಕ್ಕವರಿದ್ದಾರೆ, ಆದರೆ ಇದು ನಗುವ ವಿಷಯವಲ್ಲ. ಹೊಗೆಯಲ್ಲಿರುವ ಹೈಡ್ರೋಕಾರ್ಬನ್ನುಗಳು ಯಕೃತ್ತಿನ ಕಿಣ್ವವೊಂದನ್ನು ಚುರುಕುಗೊಳಿಸಿ ಕ್ಲೋಜಪಿನ್ ಬೇಗ ಒಡೆಯುವಂತೆ ಮಾಡುತ್ತವೆ. ಸೇದುವವರು ಆಸ್ಪತ್ರೆ ಸೇರಿ ಒಮ್ಮೆಲೇ ಬಿಟ್ಟರೆ, ಅದೇ ಡೋಸಿನಲ್ಲಿ ಕೆಲವೇ ದಿನಗಳಲ್ಲಿ ರಕ್ತದ ಮಟ್ಟ ಏರುತ್ತದೆ: ಮಂಪರು, ಜೊಲ್ಲು, ಫಿಟ್ಸ್. ನಿಕೋಟಿನ್ ಪಟ್ಟಿ ಅಂಟಿಸಿದರೂ ಇದು ತಪ್ಪದು, ಕಾರಣ ಹೊಗೆ, ನಿಕೋಟಿನ್ ಅಲ್ಲ. ಇನ್ನೊಂದು ಪ್ರಶ್ನೆ, ಕೇಳಲು ಮುಜುಗರವಾಗುವಂಥದ್ದು: ಬಹಿರ್ದೆಸೆಗೆ ಯಾವಾಗ ಹೋಗಿದ್ದಿರಿ? ಕ್ಲೋಜಪಿನ್ ಕರುಳನ್ನು ನಿಲ್ಲಿಸಿಬಿಡಬಲ್ಲದು, ಮಲಬದ್ಧತೆಯಿಂದ ಸಾವೂ ಆಗುತ್ತದೆ. ತಂಗುದಾಣದವರು ದಿನಾ ಸಂಜೆ ಊಟದ ಚೀಟಿಯ ಜೊತೆ ಇದನ್ನೂ ಕೇಳಿ ಬರೆದಿಟ್ಟರು. ಈ ಔಷಧ ಬಿಳಿ ರಕ್ತಕಣಗಳನ್ನು ಅಪಾಯಕರವಾಗಿ ಇಳಿಸಬಲ್ಲದಾದ್ದರಿಂದ ಜ್ವರ, ಗಂಟಲುನೋವು ಕಂಡ ದಿನವೇ ಅವುಗಳ ಎಣಿಕೆಗೆ ಕಳುಹಿಸಿದರು.

ಪ್ರಯೋಗಾಲಯದವರಿಗೆ ಎರಡು ಮಾತು. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ರಕ್ತದಲ್ಲಿ ಎಷ್ಟಿದೆ ಎಂದು ನೋಡಲು ಕೊನೆಯ ಮಾತ್ರೆಯಾಗಿ 12 ಗಂಟೆಗೆ ರಕ್ತ ತೆಗೆಯಬೇಕು. ಹೊತ್ತು ತಪ್ಪಿದ ಮಾದರಿಯ ಅಂಕಿ ದಾರಿ ತಪ್ಪಿಸುತ್ತದೆ. ಅದಕ್ಕೆಂದು ಬಾಗಿಲು ಬೇಗ ತೆರೆದರು, ಸಾಲು ತಪ್ಪಿಸಿ ಕೂರಿಸಿದರು. ಬಿಸಿಲಿನಲ್ಲಿ ನೀರು ಕಡಿಮೆಯಾದರೆ, ವಾಂತಿ ಭೇದಿಯಾದರೆ, ಮೈಕೈ ನೋವಿಗೆ ಐಬುಪ್ರೊಫೆನ್ ನುಂಗಿದರೆ ಲಿಥಿಯಂ ರಕ್ತದಲ್ಲಿ ಏರುತ್ತದೆ. ಕೈ ಎದ್ದು ಕಾಣುವಂತೆ ಜೋರಾಗಿ ನಡುಗುತ್ತಿದ್ದರೆ, ನಡಿಗೆ ತೂರಾಡುತ್ತಿದ್ದರೆ ಫಲಿತಾಂಶ ಬರುವವರೆಗೆ ಕಾಯದೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಕಳುಹಿಸಬೇಕು.

ದೂರದ ಒಂದು ಋಣವೂ ಇದೆ. 1985ರಲ್ಲಿ ಬಾಸ್ಟನ್ನಿನ ಪೈನ್ ಸ್ಟ್ರೀಟ್ ಇನ್ ಎಂಬ ತಂಗುದಾಣಕ್ಕೆ ಕೆಲಸಕ್ಕೆ ಬಂದ ಯುವ ವೈದ್ಯ ಜಿಮ್ ಓಕಾನೆಲ್‌ಗೆ ಅಲ್ಲಿನ ನರ್ಸ್ ಬಾರ್ಬರಾ ಮೆಕಿನಿಸ್ ಸ್ಟೆತಸ್ಕೋಪ್ ಬದಿಗಿಡಿಸಿ, ಮೊದಲು ಜನರ ಪಾದ ತೊಳೆಯಲು ಕಲಿಸಿದರು. ಆ ಪಾಠ ಬೀದಿ ಶುಶ್ರೂಷೆಯಲ್ಲಿ ಇಂದಿಗೂ ಮೊದಲ ಪಾಠ. ಇಂಜೆಕ್ಷನ್ ಬೇಡವೆನ್ನುವವರೂ ಪಾದ ಮುಂದೆ ಚಾಚುತ್ತಾರೆ. ಉಗುರುಬೆಚ್ಚಗಿನ ನೀರು, ಅದರ ಬಿಸಿಯನ್ನು ನರ್ಸ್ ತನ್ನ ಮೊಣಕೈಯಿಂದ ನೋಡಬೇಕು, ಏಕೆಂದರೆ ಸಕ್ಕರೆ ಕಾಯಿಲೆಯಿಂದ ಅವರ ಪಾದಕ್ಕೆ ಸ್ಪರ್ಶವೇ ತಿಳಿಯದಿರಬಹುದು. ಬೆರಳ ಸಂದಿ ಒರೆಸಿ ಒಣಗಿಸಬೇಕು. ಒದ್ದೆ ಬೂಟಿನಲ್ಲಿ ಬಿಳಿಚಿ ಸುಕ್ಕಾದ ಚರ್ಮವನ್ನು ತಿಕ್ಕಬಾರದು, ಬೆಂಕಿಗೆ ಹಿಡಿಯಬಾರದು. ಕುಳಿತೇ ನಿದ್ದೆ ಮಾಡುವವರ ಕಾಲು ಊದಿ ಹುಣ್ಣಾಗುತ್ತದೆ. ಮಲಗಿದರೆ ಎಬ್ಬಿಸಿ ಓಡಿಸುತ್ತಾರೆಂಬ ಭಯಕ್ಕೆ ಮುಲಾಮು ಇಲ್ಲ. ಕಾಲುಚೀಲ ದಾನ ಮಾಡಿದವರಿಗೆಲ್ಲ ಶರಣು. ಒಬ್ಬರಿಗೆ ಎರಡು ಜೊತೆ ಬೇಕು, ಒಂದು ಒಣಗುವಾಗ ಇನ್ನೊಂದು.

ಕಜ್ಜಿಗೆ ಪರ್ಮೆಥ್ರಿನ್ ಮುಲಾಮನ್ನು ಕುತ್ತಿಗೆಯಿಂದ ಪಾದದವರೆಗೆ ಹಚ್ಚಿ 8ರಿಂದ 14 ಗಂಟೆ ಬಿಟ್ಟು ಸ್ನಾನ ಮಾಡಿ ಎನ್ನುವುದು ಸ್ನಾನದ ಮನೆ ಇದ್ದವರಿಗೆ ಹೇಳುವ ಮಾತು. ಐವರ್‌ಮೆಕ್ಟಿನ್ ಮಾತ್ರೆ, ಕಿಲೋ ತೂಕಕ್ಕೆ 200 ಮೈಕ್ರೋಗ್ರಾಂ, ಒಂದೆರಡು ವಾರ ಬಿಟ್ಟು ಮತ್ತೊಮ್ಮೆ, ಬೀದಿಗೆ ಹೆಚ್ಚು ಹೊಂದುತ್ತದೆ, ಬಸುರಿಯರಿಗೆ ಕೊಡುವುದಿಲ್ಲ. ಬಟ್ಟೆಬರೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಮೂರು ದಿನ ಇಟ್ಟರೆ ಹುಳ ಸಾಯುತ್ತದೆ. ಆ ಮೂಟೆಗಳನ್ನು ಕಸವೆಂದು ಎಸೆಯದೆ ಹೆಸರು ಬರೆದು ಕಾಪಾಡಿದ ದೋಬಿಖಾನೆಯವರನ್ನು ಹೇಗೆ ಮರೆಯುವುದು?

ತುರ್ತು ವಿಭಾಗದ ನರ್ಸುಗಳಿಗೂ ಆಂಬ್ಯುಲೆನ್ಸ್ ಸಿಬ್ಬಂದಿಗೂ ಧನ್ಯವಾದ, ‘ಮಾನಸಿಕ ರೋಗಿ’ ಎಂಬ ಚೀಟಿ ನೋಡಿ ಕೈತೊಳೆದುಕೊಳ್ಳದಿದ್ದಕ್ಕೆ. ಒಂದೆರಡು ದಿನದಲ್ಲಿ ಹಠಾತ್ತಾಗಿ ಶುರುವಾಗಿ, ಗಂಟೆಗೊಂದು ಥರ ಏರಿಳಿಯುವ ಗೊಂದಲವನ್ನು ಹಳೆಯ ಕಾಯಿಲೆಯ ತಲೆಗೆ ಕಟ್ಟಬಾರದು. ಸಕ್ಕರೆ, ಆಮ್ಲಜನಕ, ಜ್ವರ, ತಲೆಗೆ ಬಿದ್ದ ಪೆಟ್ಟು ನೋಡಬೇಕು. ಕುಡಿತ, ಉಪವಾಸ ಎರಡೂ ಇದ್ದವರಿಗೆ ಗ್ಲೂಕೋಸಿಗೆ ಮೊದಲು ಥಯಾಮಿನ್ (ಬಿ1 ವಿಟಮಿನ್). ಸಕ್ಕರೆ ತೀರ ಕುಸಿದಿದ್ದರೆ ಗ್ಲೂಕೋಸ್ ತಡೆಯದೆ ಎರಡನ್ನೂ ಒಟ್ಟಿಗೆ. ಸ್ಕಿಜೋಫ್ರೇನಿಯಾದಂಥ ಸೈಕೋಸಿಸ್ ಕಾಯಿಲೆಗಳ ಔಷಧದ ಮೇಲಿರುವವರಲ್ಲಿ ಜ್ವರ, ಮರಗಟ್ಟಿದ ಮೈ, ಗೊಂದಲ ಕೂಡಿ ಬಂದರೆ ಅದು ನ್ಯೂರೋಲೆಪ್ಟಿಕ್ ಮ್ಯಾಲಿಗ್ನೆಂಟ್ ಸಿಂಡ್ರೋಮ್ ಎಂಬ, ಜೀವಕ್ಕೇ ಎರವಾಗಬಲ್ಲ ಅಡ್ಡಪರಿಣಾಮ ಇರಬಹುದು, ಔಷಧ ನಿಲ್ಲಿಸಿ ಕೂಡಲೇ ದಾಖಲಿಸಬೇಕು.

ಕೋಣೆ ಸಿಕ್ಕವರ ಕಟ್ಟಡಗಳ ಮೇಲ್ವಿಚಾರಕರಿಗೆ ವಿಶೇಷ ನಮನ. ನ್ಯೂಯಾರ್ಕಿನಲ್ಲಿ 1992ರಲ್ಲಿ ಶುರುವಾದ ‘ಹೌಸಿಂಗ್ ಫಸ್ಟ್’ ಕ್ರಮ ಮೊದಲು ಮನೆ ಕೊಡಿ, ಔಷಧ ತೆಗೆದುಕೊಳ್ಳಲೇಬೇಕೆಂಬ ಷರತ್ತು ಬೇಡ ಎನ್ನುತ್ತದೆ. ಕೀಲಿ ಕೈಗೆ ಬಂದ ಮೊದಲ ವಾರಗಳಲ್ಲೇ ಎಡವಟ್ಟಾಗುವುದು. ಹಳೆಯ ಜಾಗದಲ್ಲಿ ಆತ ಸಿಗುವುದಿಲ್ಲ, ಇಂಜೆಕ್ಷನ್ ತಪ್ಪುತ್ತದೆ; ಖಾಲಿ ಕೋಣೆಯಲ್ಲಿ ಕಿವಿಯೊಳಗಿನ ದನಿಗಳು ಜೋರಾಗುತ್ತವೆ; ಹಾಸಿಗೆ ಬಿಟ್ಟು ಬಾಗಿಲ ಬಳಿ ನೆಲದಲ್ಲಿ ಮಲಗುತ್ತಾರೆ, ಹಳೆಯ ಗೆಳೆಯರೆಲ್ಲ ಬಂದು ತಂಗುತ್ತಾರೆ. ಇಂಥ ಹೊತ್ತಿನಲ್ಲಿ ನೋಟಿಸು ಅಂಟಿಸುವ ಬದಲು ಫೋನ್ ಮಾಡಿದ ಮೇಲ್ವಿಚಾರಕರಿಂದ ಎಷ್ಟೋ ಮನೆಗಳು ಉಳಿದಿವೆ. ಈ ಅವಧಿಗೆಂದೇ ರೂಪಿಸಿದ ‘ಕ್ರಿಟಿಕಲ್ ಟೈಮ್ ಇಂಟರ್‌ವೆನ್ಷನ್’ ಒಂಬತ್ತು ತಿಂಗಳದು, ಮೂರು ಹಂತ: ಆರಂಭದಲ್ಲಿ ಪದೇ ಪದೇ ಭೇಟಿ, ನಡುವೆ ಸ್ಥಳೀಯ ಆಸರೆಗಳನ್ನು ಪರೀಕ್ಷಿಸುವುದು, ಕೊನೆಗೆ ಹಿಂದೆ ಸರಿಯುವುದು. ನಮಗೆ ಅದರಲ್ಲಿ ಕಷ್ಟವೆನಿಸುವುದು ಕೊನೆಯದೇ.

ಇನ್ನು ನಾವು ನೋಡಿಕೊಳ್ಳುವವರಿಗೇ ಹೇಳಬೇಕಾದ ಕೃತಜ್ಞತೆ. ‘ಬೇಡ’ ಎಂದವರಿಗೂ ಸೇರಿಸಿ. ಹಲವರು ಕೂತಲ್ಲಿ ಕೂರಲಾಗದ ತಳಮಳವನ್ನು ಬಾಯಿಬಿಟ್ಟು ಹೇಳಿದರು. ಇದು ಅಕತೀಸಿಯಾ, ಔಷಧದ ಅಡ್ಡಪರಿಣಾಮ. ಕಾಯಿಲೆ ಕೆರಳಿದೆ ಎಂದು ತಪ್ಪಾಗಿ ಓದಿ ಡೋಸು ಏರಿಸಿದರೆ ತಳಮಳ ಇನ್ನೂ ಏರುತ್ತದೆ, ಮನುಷ್ಯ ಇಂಜೆಕ್ಷನ್ನನ್ನೇ ಬಿಟ್ಟು ಓಡುತ್ತಾನೆ. ಕೂತಾಗ ಎರಡು ನಿಮಿಷ, ನಿಂತಾಗ ಎರಡು ನಿಮಿಷ ಕಾಲುಗಳನ್ನೇ ಗಮನಿಸಿ, ‘ಒಳಗೆ ಹೇಗಿದೆ’ ಎಂದು ಕೇಳುವುದು ಈಗ ಪ್ರತಿ ಭೇಟಿಯ ಭಾಗವಾಗಿದೆ. ಅವರು ಹೇಳದಿದ್ದರೆ ಆಗುತ್ತಿರಲಿಲ್ಲ.

ಕಾಯಂ ಆದದ್ದರಿಂದ ಒಂದು ಪ್ರದೇಶಕ್ಕೆ ಇನ್ನು ಅದೇ ಇಬ್ಬರು ನರ್ಸುಗಳು ಬರುತ್ತಾರೆ, ತಿಂಗಳಿಗೊಂದು ಹೊಸ ಮುಖ ಇರುವುದಿಲ್ಲ. ಹಳೆಯ ಕಾರ್ಡುಗಳು ನಡೆಯುತ್ತವೆ, ಎಸೆಯಬೇಡಿ. ಹೊಸದಾಗಿ ಅಚ್ಚಾಗುತ್ತಿರುವ ಕಾರ್ಡಿನಲ್ಲಿ ಎಡ ಬಲದ ಪಕ್ಕ ಸಿಗರೇಟಿನ ಲೆಕ್ಕಕ್ಕೂ ತಳಮಳಕ್ಕೂ ಒಂದೊಂದು ಸಾಲು ಸೇರಿದೆ. ತಂಗುದಾಣಗಳವರು ಮುಂದಿನ ಸುತ್ತಿನಲ್ಲಿ ತಮ್ಮ ಪ್ರತಿಗಳನ್ನು ಕೇಳಿ ಪಡೆಯಿರಿ.