ಬ್ಯಾಕಪ್ ಇದೆ ಅಂದರೆ ಸಾಲದು, ಸಿಂಧು

ಚಿ. ಸಿಂಧುಗೆ,

ಚಿಕ್ಕಮ್ಮನ ಆಶೀರ್ವಾದಗಳು. ಆಫೀಸಿನಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಹೊಣೆ ನಿನಗೇ ಬಂತು ಅಂತ ಅಕ್ಕ ಫೋನಿನಲ್ಲಿ ಹೇಳಿದಳು. ತುಂಬಾ ಖುಷಿಯಾಯಿತು. ನಿನ್ನ ಮೆಸೇಜೂ ಬಂತು. "ರಾತ್ರಿ ಎರಡಕ್ಕೆ ಬ್ಯಾಕಪ್ ಆಗುತ್ತೆ ಚಿಕ್ಕಮ್ಮ, ಆ ಕಡೆ ಚಿಂತೆ ಇಲ್ಲ" ಅಂದಿದ್ದೀಯ. ಆ ಮಾತು ಓದಿಯೇ ಈ ಪತ್ರ ಬರೆಯಲು ಕೂತೆ. ಆ ಬ್ಯಾಕಪ್‌ನಿಂದ ಯಾರಾದರೂ ಯಾವತ್ತಾದರೂ ರಿಸ್ಟೋರ್ ಮಾಡಿ, ಅಂದರೆ ಡೇಟಾ ವಾಪಸ್ ತಂದು, ನೋಡಿದ್ದಾರಾ? ನೋಡಿಲ್ಲ ಅಂದರೆ ನಿನ್ನ ಹತ್ತಿರ ಇರುವುದು ಒಂದು ಫೈಲ್ ಅಷ್ಟೇ.

ಸಾಫ್ಟ್‌ವೇರ್ ಕೋಡ್ ಇಟ್ಟುಕೊಳ್ಳುವ ಸೇವೆ ಕೊಡುವ ಗಿಟ್‌ಲ್ಯಾಬ್ ಕಂಪನಿಯಲ್ಲಿ 2017ರ ಜನವರಿ 31ರಂದು ನಡೆದದ್ದನ್ನು ನೀನು ಸರಿಯಾಗಿ ತಿಳಿದುಕೊಳ್ಳಬೇಕು. ಅವರದ್ದೂ ನಿಮ್ಮ ಹಾಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಮುಖ್ಯ ಸರ್ವರ್ ಅಂದರೆ ಪ್ರೈಮರಿ, ಅದರ ಬದಲಾವಣೆಗಳನ್ನು ಹಿಂಬಾಲಿಸುವ ನಕಲು ಸರ್ವರ್ ಅಂದರೆ ರೆಪ್ಲಿಕಾ. ಆ ರೆಪ್ಲಿಕಾ ಹಿಂದೆ ಬಿದ್ದಿತ್ತು. ಅದನ್ನು ಮತ್ತೆ ಕಟ್ಟೋಣ ಅಂತ ಒಬ್ಬ ಇಂಜಿನಿಯರ್ ರಾತ್ರಿ ಹೊತ್ತು ಡೇಟಾ ಡೈರೆಕ್ಟರಿ ಅಳಿಸಿದರು. ಆದರೆ ಆ ಕಮಾಂಡ್ ಓಡಿದ್ದು ರೆಪ್ಲಿಕಾದಲ್ಲಿ ಅಲ್ಲ, ಪ್ರೈಮರಿಯಲ್ಲಿ. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದಿದ್ದು 4.5 ಜಿಬಿ.

ಅದು ಯಾರಿಗಾದರೂ ಆಗಬಹುದು. ನಿಜವಾದ ಪಾಠ ಆಮೇಲಿನದು. ಡೇಟಾಬೇಸನ್ನು ಫೈಲಿಗೆ ತೆಗೆದಿಡುವ ಪ್ರೋಗ್ರಾಂ ಪಿಜಿ ಡಂಪ್. ದಿನಾ ಆಗುತ್ತಿದೆ ಅಂದುಕೊಂಡಿದ್ದ ಆ ಡಂಪ್ ಹುಡುಕಿದರೆ ಆ ಜಾಗ ಖಾಲಿ. ಸರ್ವರ್ ಆವೃತ್ತಿ 9.6, ಡಂಪ್ ತೆಗೆಯುತ್ತಿದ್ದ ಪ್ರೋಗ್ರಾಂ 9.2. ಹಳೆ ಪಿಜಿ ಡಂಪ್ ತನಗಿಂತ ಹೊಸ ಸರ್ವರ್ ಸಿಕ್ಕರೆ ಕೆಲಸ ಮಾಡುವುದಿಲ್ಲ, ಎರರ್ ಕೊಟ್ಟು ನಿಂತುಬಿಡುತ್ತದೆ. ಆ ಎರರ್ ಮೇಲ್ ಆದರೂ ಬರಬೇಕಿತ್ತಲ್ವಾ? ಮೇಲ್ ಸರ್ವರ್ ಅದನ್ನು ತಿರಸ್ಕರಿಸುತ್ತಿತ್ತು. ಕೊನೆಗೆ ಕೈಹಿಡಿದಿದ್ದು ಸುಮಾರು ಆರು ಗಂಟೆ ಮೊದಲು ಬೇರೆ ಯಾವುದೋ ಕೆಲಸಕ್ಕೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿನ ಡಿಸ್ಕಿನ ಯಥಾಪ್ರತಿ. ನಡುವಿನ ಆರು ಗಂಟೆಯ ಡೇಟಾ ಹೋಯಿತು. ಅವರು ಇದನ್ನೆಲ್ಲ ಮುಚ್ಚಿಡಲಿಲ್ಲ. ರಿಪೇರಿ ಕೆಲಸವನ್ನು ಯೂಟ್ಯೂಬ್‌ನಲ್ಲಿ ಲೈವ್ ತೋರಿಸಿದರು, ಆಮೇಲೆ ಎಲ್ಲವನ್ನೂ ಬಿಡಿಸಿ ಬರೆದರು. ಅವರ ಮೇಲೆ ನನಗೆ ಗೌರವ ಇರುವುದು ಅದಕ್ಕೇ.

ಹಾಗಾಗಿ "ಫೇಲ್ ಆದರೆ ಮೇಲ್ ಬರುತ್ತೆ" ಅನ್ನುವುದನ್ನು ನಂಬಬೇಡ. ಸರಿಯಾಗಿ ಆದಾಗಲೂ ಮೇಲ್ ಬರುವ ಹಾಗೆ ಮಾಡು. ಅದರಲ್ಲಿ ಫೈಲಿನ ಸೈಜ್ ಇರಲಿ. ಮೇಲ್ ಬರದ ದಿನ ಬೆಳಿಗ್ಗೆ ಮೊದಲ ಕೆಲಸ ಯಾಕೆ ಬರಲಿಲ್ಲ ಅಂತ ಹುಡುಕುವುದೇ ಆಗಿರಲಿ.

ಇನ್ನು ರಿಸ್ಟೋರ್. ಒಂದು ಖಾಲಿ ಮಷೀನ್ ತಗೊಂಡು ನೀನೇ ಮಾಡು. ಮೊದಲು ಎದುರಾಗುವುದು ಯೂಸರ್‌ಗಳ ತೊಂದರೆ. ಪಿಜಿ ಡಂಪ್ ಒಂದು ಡೇಟಾಬೇಸನ್ನು ಮಾತ್ರ ತೆಗೆಯುತ್ತದೆ. ಯೂಸರ್, ರೋಲ್, ಪಾಸ್‌ವರ್ಡ್ ಅದರಲ್ಲಿ ಇರುವುದಿಲ್ಲ. "ರೋಲ್ ಇಲ್ಲ" ಅಂತ ಸಾಲುಸಾಲು ಎರರ್ ಬರುತ್ತವೆ. ಪಿಜಿ ಡಂಪ್ ಆಲ್‌ನಲ್ಲಿ ಗ್ಲೋಬಲ್ಸ್ ಮಾತ್ರ, ಅಂದರೆ ಈ ಯೂಸರ್, ರೋಲ್‌ಗಳಂಥವನ್ನು ಮಾತ್ರ, ತೆಗೆಯುವ ಆಯ್ಕೆ ಇದೆ, ಅದನ್ನೂ ದಿನಾ ಓಡಿಸು. ಎರಡನೆಯದು ಇನ್ನೂ ಅಪಾಯ. ಡಂಪ್‌ನ ಎಸ್‌ಕ್ಯೂಎಲ್ ಫೈಲನ್ನು ಪಿಎಸ್‌ಕ್ಯೂಎಲ್ ಅನ್ನುವ ಕಮಾಂಡ್ ಪ್ರೋಗ್ರಾಂಗೆ ಕೊಟ್ಟರೆ ಎರರ್ ಬಂದರೂ ಅದು ನಿಲ್ಲದೆ ಮುಂದೆ ಹೋಗುತ್ತದೆ. ಮುಗಿಯಿತು ಅನಿಸುತ್ತದೆ, ಒಂದು ಟೇಬಲ್ ಖಾಲಿ ಇರುತ್ತದೆ. ಆನ್ ಎರರ್ ಸ್ಟಾಪ್ ಹಾಕಿಯೇ ಓಡಿಸು. ಆದ ಮೇಲೆ ದೊಡ್ಡ ಟೇಬಲ್‌ಗಳ ಸಾಲು ಎಣಿಸು, ಕೊನೆಯ ಬಿಲ್ಲಿನ ತಾರೀಖು ನೋಡು. ಟೇಬಲ್‌ಗಳ ಅಂಕಿಅಂಶ ಸಂಗ್ರಹಿಸುವ ಅನಲೈಸ್ ಓಡಿಸುವುದನ್ನು ಮರೆಯಬೇಡ. ಅದಿಲ್ಲದೆ ಕ್ವೆರಿಗಳು ತೆವಳುತ್ತವೆ, ರಿಸ್ಟೋರೇ ಹಾಳಾಗಿದೆ ಅಂತ ಜನ ಗಾಬರಿಯಾಗುತ್ತಾರೆ.

ಶುರುವಾದ ಹೊತ್ತು, ಮುಗಿದ ಹೊತ್ತು ಎರಡನ್ನೂ ಬರೆದಿಡು. ಡಂಪ್ ತೆಗೆಯುವುದಕ್ಕಿಂತ ವಾಪಸ್ ಹಾಕುವುದಕ್ಕೆ ಸಾಮಾನ್ಯವಾಗಿ ಜಾಸ್ತಿ ಹೊತ್ತು ಬೇಕು, ಇಂಡೆಕ್ಸ್‌ಗಳನ್ನೆಲ್ಲ ಹೊಸದಾಗಿ ಕಟ್ಟಬೇಕಲ್ಲ. ನಿಮ್ಮದು ಆಸ್ಪತ್ರೆಗಳ ಬಿಲ್ಲಿಂಗ್. ಸಂಜೆ ಐದಕ್ಕೆ ಯಾರೋ ಯಾವ ಸಾಲು ಅಂತ ಹೇಳುವ ವೇರ್ ಹಾಕದೆ ಡಿಲೀಟ್ ಕೊಟ್ಟು ಟೇಬಲ್ಲನ್ನೇ ಖಾಲಿ ಮಾಡಿದರು ಅಂದುಕೋ. ರಾತ್ರಿ ಎರಡರ ಡಂಪ್‌ನಿಂದ ವಾಪಸ್ ಬಂದರೆ ಹದಿನೈದು ಗಂಟೆಯ ಬಿಲ್ ಇಲ್ಲ. ರೆಪ್ಲಿಕಾ ಇದೆಯಲ್ಲ ಅನ್ನಬೇಡ, ಆ ಡಿಲೀಟ್ ಅಲ್ಲಿಗೂ ಹೋಗಿರುತ್ತದೆ. ಅದಕ್ಕೇ ಬೇಸ್ ಬ್ಯಾಕಪ್ (ಡೇಟಾ ಡೈರೆಕ್ಟರಿಯ ಪೂರ್ತಿ ಕಾಪಿ) ಜೊತೆಗೆ, ಪ್ರತಿ ಬದಲಾವಣೆಯನ್ನೂ ಬರೆದಿಡುವ ವಾಲ್ ಫೈಲ್‌ಗಳನ್ನು ಬೇರೆ ಮಷೀನಿಗೆ ಆರ್ಕೈವ್ ಮಾಡು. ಆಗ ನಾಲ್ಕು ಐವತ್ತೊಂಬತ್ತರ ಸ್ಥಿತಿಗೆ ಹಿಂತಿರುಗಬಹುದು. ಎಷ್ಟು ಗಂಟೆಯ ಡೇಟಾ ಹೋದರೆ ತಡೆದುಕೊಳ್ಳಬಹುದು ಅಂತ ನಿನ್ನ ಮೇಲಿನವರನ್ನು ಕೇಳಿ ಮೇಲ್‌ನಲ್ಲಿ ಉತ್ತರ ತಗೋ. ಅದು ನೀನೊಬ್ಬಳೇ ತೀರ್ಮಾನಿಸುವ ವಿಷಯ ಅಲ್ಲ.

ಆರ್ಕೈವ್ ಶುರುಮಾಡಿದರೆ ಒಂದಲ್ಲ ಒಂದು ದಿನ ಡಿಸ್ಕ್ ತುಂಬುತ್ತದೆ. ಪಿಜಿ ವಾಲ್ ಡೈರೆಕ್ಟರಿ ಬೆಳೆದು ಕೂತಿರುತ್ತದೆ. ಅಲ್ಲಿನ ಫೈಲ್‌ಗಳನ್ನು ಕೈಯಿಂದ ಅಳಿಸಲೇಬೇಡ, ಯಾರು ಹೇಳಿದರೂ. ಹಿಂದೆ ಇದರ ಹೆಸರು ಪಿಜಿ ಎಕ್ಸ್‌ಲಾಗ್ ಅಂತಿತ್ತು. ಬರೀ ಲಾಗ್ ಅಂದುಕೊಂಡು ಅಳಿಸಿ ಡೇಟಾಬೇಸನ್ನೇ ಕಳೆದುಕೊಂಡವರು ಇದ್ದಾರೆ. ಅದಕ್ಕೇ 10ನೇ ಆವೃತ್ತಿಯಲ್ಲಿ ಹೆಸರು ಬದಲಾಯಿಸಿದರು. ಬೆಳೆಯಲು ಸಾಮಾನ್ಯವಾಗಿ ಎರಡೇ ಕಾರಣ. ಆರ್ಕೈವ್ ಕಮಾಂಡ್ ಫೇಲ್ ಆಗುತ್ತಿರುತ್ತದೆ, ಇಲ್ಲವೇ ರೆಪ್ಲಿಕಾಗೆ ಬೇಕಾದ ವಾಲ್ ಉಳಿಸಿಡಲು ಮಾಡಿ ಯಾರೋ ಬಿಟ್ಟುಹೋದ ರೆಪ್ಲಿಕೇಶನ್ ಸ್ಲಾಟ್ ಹಳೆಯದನ್ನೆಲ್ಲ ಹಿಡಿದುಕೊಂಡಿರುತ್ತದೆ. ಪಿಜಿ ಸ್ಟ್ಯಾಟ್ ಆರ್ಕೈವರ್ ಮತ್ತು ಪಿಜಿ ರೆಪ್ಲಿಕೇಶನ್ ಸ್ಲಾಟ್ಸ್ ಅನ್ನುವ ಪಟ್ಟಿಗಳನ್ನು ನೋಡಿದರೆ ತಿಳಿಯುತ್ತದೆ. ಕಾರಣ ಸರಿಮಾಡು, ಚೆಕ್‌ಪಾಯಿಂಟ್ ಆದಾಗ, ಅಂದರೆ ಬದಲಾವಣೆಗಳನ್ನು ಡೇಟಾ ಫೈಲ್‌ಗಳಿಗೆ ಬರೆದು ಮುಗಿಸಿದಾಗ, ಪೋಸ್ಟ್‌ಗ್ರೆಸ್ ತಾನೇ ಜಾಗ ಬಿಡುತ್ತದೆ.

ವ್ಯಾಕ್ಯೂಮ್ ಬಗ್ಗೆ ಸ್ವಲ್ಪ. ಟೇಬಲ್‌ಗಳಲ್ಲಿ ಉಳಿದ ಸತ್ತ ಸಾಲುಗಳನ್ನು ಗುಡಿಸುವ ಕೆಲಸ ಅದು, ಆಟೋವ್ಯಾಕ್ಯೂಮ್ ಅದನ್ನು ತಾನಾಗಿಯೇ ಮಾಡುತ್ತದೆ. ನಿಧಾನ ಆಯಿತು ಅಂತ ಆಟೋವ್ಯಾಕ್ಯೂಮ್ ನಿಲ್ಲಿಸುವ ಸಲಹೆ ನಿನಗೆ ಸಿಗುತ್ತದೆ. ಕೇಳಬೇಡ. ಬದಲಾವಣೆಗಳಿಗೆ ಪೋಸ್ಟ್‌ಗ್ರೆಸ್ ಕೊಡುವ ನಂಬರ್, ಅಂದರೆ ಟ್ರಾನ್ಸಾಕ್ಷನ್ ಐಡಿ, 32 ಬಿಟ್‌ನದು, ಅದಕ್ಕೊಂದು ಮಿತಿ ಇದೆ. ವ್ಯಾಕ್ಯೂಮ್ ಹಳೆಯ ಸಾಲುಗಳನ್ನು ಫ್ರೀಜ್ ಮಾಡದೆ, ಅಂದರೆ ಅವಕ್ಕೆ ಇನ್ನು ಆ ನಂಬರ್ ಬೇಡ ಅಂತ ಗುರುತು ಹಾಕದೆ ಬಿಟ್ಟರೆ ಸುಮಾರು 200 ಕೋಟಿಯ ಹತ್ತಿರ ಬಂದಾಗ ಪೋಸ್ಟ್‌ಗ್ರೆಸ್ ಹೊಸದಾಗಿ ಬರೆಯುವುದನ್ನೇ ನಿಲ್ಲಿಸುತ್ತದೆ. ಸಾಫ್ಟ್‌ವೇರ್ ಎರರ್‌ಗಳನ್ನು ಹಿಡಿದುಕೊಡುವ ಸೆಂಟ್ರಿ ಕಂಪನಿ 2015ರ ಜುಲೈನಲ್ಲಿ ಹೀಗೇ ನಿಂತಿತ್ತು. ವ್ಯಾಕ್ಯೂಮ್ ಫುಲ್ ಮಾತ್ರ ಹಗಲು ಮಾಡಬೇಡ, ಟೇಬಲ್ ಪೂರ್ತಿ ಲಾಕ್ ಆಗುತ್ತದೆ.

ಕೆಟ್ಟ ದಿನ ಬಂದರೆ ಮೊದಲು ಕೈ ಕೀಬೋರ್ಡಿನಿಂದ ತೆಗೆ. ಸರ್ವರ್ ನಿಲ್ಲಿಸಿ, ಇರುವ ಡೇಟಾ ಡೈರೆಕ್ಟರಿಯನ್ನು ಇದ್ದ ಹಾಗೇ ಬೇರೆ ಕಡೆ ಕಾಪಿ ಮಾಡಿಸು. ಹಾಳಾದದ್ದಾದರೂ ಪರವಾಗಿಲ್ಲ, ನಾಳೆ ಅದರಿಂದ ಏನಾದರೂ ಸಿಗಬಹುದು. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೋ. ಎಂಟರ್ ಒತ್ತುವ ಮೊದಲು ಯಾವ ಸರ್ವರ್, ಯಾವ ಕಮಾಂಡ್ ಅಂತ ಅವರಿಗೆ ಓದಿ ಹೇಳು. ಎಷ್ಟು ಹೊತ್ತಾಗುತ್ತೆ ಅಂತ ಎಲ್ಲರೂ ಕೇಳುತ್ತಾರೆ. ನೀನು ರಿಸ್ಟೋರ್ ಮಾಡಿ ಬರೆದಿಟ್ಟ ಲೆಕ್ಕ ಇದ್ದರೆ ಧೈರ್ಯವಾಗಿ ಉತ್ತರ ಕೊಡಬಹುದು.

ಈ ಶನಿವಾರ ಆಫೀಸಿನಲ್ಲಿ ಒಂದು ಹಳೆ ಮಷೀನ್ ಕೇಳಿ ಇಟ್ಟುಕೋ. ನಿನ್ನೆಯ ಡಂಪ್ ಅದಕ್ಕೆ ಹಾಕು. ರೋಗಿಗಳ ಮಾಹಿತಿ ಇರುತ್ತದೆ, ಕೆಲಸ ಮುಗಿದ ಮೇಲೆ ಡಿಸ್ಕ್ ಅಳಿಸುವ ತನಕ ಮನೆಗೆ ಹೊರಡಬೇಡ. ಎರರ್ ಏನು ಬಂತು, ಎಷ್ಟು ಹೊತ್ತು ಹಿಡಿಯಿತು ಅಂತ ನನಗೆ ಬರಿ. ಭಾನುವಾರ ಬೆಳಿಗ್ಗೆ ನಾನು ಫೋನಿನ ಹತ್ತಿರವೇ ಇರುತ್ತೇನೆ.

ನಿನ್ನ ಪ್ರೀತಿಯ
ಚಿಕ್ಕಮ್ಮ