ಗಡಿ ದಾಟುವ ಬೇಟೆ ಬಂದೂಕು: ಅಂಗಡಿಯ ರಸೀದಿ ಸಾಲದು

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಕೆಲಸಕ್ಕಿರುವ ಬೆಂಗಳೂರಿನ ಹುಡುಗ ಹುಡುಗಿಯರು ಕಾರಿನಲ್ಲೇ ಗಡಿ ದಾಟಿ ಕೆನಡಾ ಸುತ್ತಿ ಬರುವ ಪ್ರವಾಸ ಬರಹಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಅವರಲ್ಲಿ ಕೆಲವರು ಅಲ್ಲಿ ಜಿಂಕೆ, ಬಾತುಕೋಳಿ ಬೇಟೆಯ ಲೈಸೆನ್ಸ್ ತೆಗೆದುಕೊಂಡು ಬಂದೂಕನ್ನೂ ಕೊಂಡಿರುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಬೇಟೆಯ ಮಾತೇ ಇಲ್ಲದಿರುವುದರಿಂದ ಬಂದೂಕು ಸಾಗಿಸುವ ರೀತಿನೀತಿಯನ್ನು ಮನೆಯ ಹಿರಿಯರಿಂದ ಕಲಿಯುವ ಅವಕಾಶ ಕೊಡಗಿನಂಥ ಕಡೆ ಬಿಟ್ಟರೆ ಬೇರೆಲ್ಲೂ ಇಲ್ಲ. ‘ಅಂಗಡಿಯಲ್ಲಿ ಕಾನೂನು ಪ್ರಕಾರವೇ ಕೊಂಡಿದ್ದೇನೆ, ರಸೀದಿ ಇದೆ, ಇನ್ನೇನು ಭಯ?’ ಎಂಬ ಧೈರ್ಯದಲ್ಲಿ ಡಿಕ್ಕಿಯಲ್ಲಿಟ್ಟು ಹೊರಟುಬಿಡುತ್ತಾರೆ. ಗಡಿಯ ಆಚೆ ಆ ರಸೀದಿಗೆ ಬೆಲೆಯಿಲ್ಲ. ಬಂದೂಕು ಗಡಿ ದಾಟಬಹುದೇ ಎಂಬುದನ್ನು ಎಲ್ಲಕ್ಕಿಂತ ಮೊದಲು ತೀರ್ಮಾನಿಸುವುದು ಅದನ್ನು ಹಿಡಿದವರ ವೀಸಾ. ಇದನ್ನು ಮಕ್ಕಳಿಗೆ ಹೇಳಬೇಕಾದವರು ಇಲ್ಲಿನ ತಂದೆ ತಾಯಿಯರೂ ಹೌದು. ಅದಕ್ಕೇ ಈ ಪತ್ರ.

ಎಚ್-1ಬಿ, ಎಫ್-1, ಎಲ್-1 ಮುಂತಾದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ತೋಟಾಗಳನ್ನಾಗಲಿ ಇಟ್ಟುಕೊಳ್ಳುವುದನ್ನೇ ಅಮೆರಿಕದ ಕೇಂದ್ರ ಕಾನೂನು ನಿಷೇಧಿಸಿದೆ. ಇದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ನಮ್ಮವರು ಬಳಸುವುದು ಒಂದನ್ನು: ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಬೇಟೆ ಲೈಸೆನ್ಸ್‌ಗಳು ಸಾಮಾನ್ಯವಾಗಿ ವರ್ಷ ವರ್ಷ ನವೀಕರಿಸಬೇಕಾದಂಥವು. ಅವಧಿ ಮುಗಿದು ನವೀಕರಿಸದೇ ಹೋದರೆ ಬಂದೂಕು ಬೀರುವಿನಲ್ಲಿ ಸುಮ್ಮನೆ ಇದ್ದರೂ ಅಪರಾಧವಾಗುತ್ತದೆ. 2022ರ ತಿದ್ದುಪಡಿಯ ನಂತರ ಇದಕ್ಕೆ ಗರಿಷ್ಠ ಶಿಕ್ಷೆ 15 ವರ್ಷ. ವೀಸಾ, ಮುಂದಿನ ಗ್ರೀನ್ ಕಾರ್ಡ್ ಎರಡೂ ಕೈತಪ್ಪುವುದು ಬೇರೆ. ಗ್ರೀನ್ ಕಾರ್ಡ್ ಸಿಕ್ಕವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ.

ಗಡಿ ದಾಟುವಾಗ ಇದೇ ವ್ಯತ್ಯಾಸ ಇನ್ನೂ ದೊಡ್ಡದಾಗುತ್ತದೆ. ಅಮೆರಿಕದ ಪೌರರು ಮತ್ತು ಗ್ರೀನ್ ಕಾರ್ಡ್ ಇರುವವರು ಸ್ವಂತ ಬಳಕೆಗಾಗಿ 3 ಬಂದೂಕು ಹಾಗೂ 1,000 ತೋಟಾಗಳವರೆಗೆ ಪ್ರತ್ಯೇಕ ರಫ್ತು ಪರವಾನಗಿಯಿಲ್ಲದೆ ತಾತ್ಕಾಲಿಕವಾಗಿ ಹೊರಗೆ ಒಯ್ಯಬಹುದು. ಹೊರದೇಶದವರಿಗೆ ಈ ರಿಯಾಯಿತಿ ಸಿಗುವುದು ತಾವೇ ಮೊದಲು ನಿಯಮದಂತೆ ಅಮೆರಿಕಕ್ಕೆ ತಂದಿದ್ದ ಬಂದೂಕಿಗೆ ಮಾತ್ರ. ಅಲ್ಲಿನ ಅಂಗಡಿಯಲ್ಲಿ ಕೊಂಡದ್ದನ್ನು ಎಚ್-1ಬಿಯವರು ಹಾಗೆ ಒಯ್ಯುವಂತಿಲ್ಲ. ವಾಪಸು ತರುವಾಗಲೂ ತಾತ್ಕಾಲಿಕ ವೀಸಾದವರು ಬಂದೂಕುಗಳ ನಿಯಂತ್ರಣ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಎಟಿಎಫ್ ಇಲಾಖೆಯ ‘6 ಎನ್‌ಐಎ’ ಫಾರ್ಮಿನಲ್ಲಿ ಮುಂಚಿತವಾಗಿ ಅರ್ಜಿ ಹಾಕಿ ಆಮದು ಅನುಮತಿ ಪಡೆದಿರಬೇಕು. ಅರ್ಜಿಯ ಜೊತೆ ಬೇಟೆ ಲೈಸೆನ್ಸಿನ ಪ್ರತಿ ಕೇಳುತ್ತಾರೆ, ಅನುಮತಿ ಬರಲು ವಾರಗಟ್ಟಲೆ ಹಿಡಿಯುತ್ತದೆ. ಶುಕ್ರವಾರ ಸಂಜೆ ನಿರ್ಧರಿಸಿ ಶನಿವಾರ ಬೆಳಿಗ್ಗೆ ಹೊರಡುವವರಿಗೆ ಇದು ಆಗುವ ಕೆಲಸವಲ್ಲ.

ಆದ್ದರಿಂದ ಎಚ್-1ಬಿಯಲ್ಲಿ ಇರುವವರಿಗೆ ನಮ್ಮ ಖಚಿತ ಸಲಹೆ ಇದು: ಸ್ವಂತ ಬಂದೂಕನ್ನು ಮನೆಯಲ್ಲೇ ಬಿಟ್ಟು ಹೋಗಿ, ಕೆನಡಾದಲ್ಲಿ ಎರವಲು ಪಡೆಯಿರಿ. ಕೆನಡಾದ ಲೈಸೆನ್ಸ್ ಇರುವ ವ್ಯಕ್ತಿ ಪಕ್ಕದಲ್ಲೇ ನಿಂತು ನೇರ ಉಸ್ತುವಾರಿ ವಹಿಸಿದರೆ ಅವರ ಬಂದೂಕು ಬಳಸಲು ಬೇರೆ ಲೈಸೆನ್ಸ್ ಬೇಕಾಗುವುದಿಲ್ಲ. ಪಕ್ಕದಲ್ಲಿ ಅವರು ಇರುವುದಿಲ್ಲ ಎಂದಾದರೆ ಹೊರದೇಶದವರಿಗಿರುವ ತಾತ್ಕಾಲಿಕ ಎರವಲು ಲೈಸೆನ್ಸಿಗೆ 5513 ಸಂಖ್ಯೆಯ ಫಾರ್ಮಿನಲ್ಲಿ ಮೊದಲೇ ಅರ್ಜಿ ಹಾಕಬೇಕು. ಬೇಟೆ ಶಿಬಿರ ನಡೆಸುವವರಿಗೆ ಇದೆಲ್ಲ ರೂಢಿಯಿರುತ್ತದೆ, ಜಾಗ ಕಾಯ್ದಿರಿಸುವಾಗಲೇ ಕೇಳಿದರೆ ವ್ಯವಸ್ಥೆ ಮಾಡುತ್ತಾರೆ. ಎರಡು ದೇಶಗಳ ಕಾಗದಪತ್ರದ ಮುಕ್ಕಾಲು ಭಾಗ ಇದರಿಂದ ತಪ್ಪುತ್ತದೆ.

ಗ್ರೀನ್ ಕಾರ್ಡ್ ಅಥವಾ ಪೌರತ್ವ ಇದ್ದು ಸ್ವಂತ ಬಂದೂಕನ್ನೇ ಒಯ್ಯುವವರು ಮನೆ ಬಿಡುವ ಮೊದಲು ಮಾಡಬೇಕಾದ ಕೆಲಸಗಳಿವೆ. ಹತ್ತಿರದ ಅಮೆರಿಕನ್ ಕಸ್ಟಮ್ಸ್ ಕಚೇರಿಗೆ ಮೊದಲು ಫೋನ್ ಮಾಡಿ, ಖಾಲಿ ಬಂದೂಕನ್ನು ಪೆಟ್ಟಿಗೆಯಲ್ಲಿಟ್ಟು ತರುತ್ತಿದ್ದೇವೆ ಎಂದು ತಿಳಿಸಿ ಹೋಗಬೇಕು. ಅಲ್ಲಿ 4457 ಸಂಖ್ಯೆಯ ಫಾರ್ಮಿನಲ್ಲಿ ತಯಾರಕರ ಹೆಸರು, ಮಾದರಿ, ಕ್ಯಾಲಿಬರ್ (ನಳಿಗೆಯ ಒಳವ್ಯಾಸ), ಸೀರಿಯಲ್ ನಂಬರ್ ಬರೆದುಕೊಟ್ಟರೆ ಅಧಿಕಾರಿ ಬಂದೂಕಿನ ಮೇಲಿನ ನಂಬರಿಗೆ ತಾಳೆ ನೋಡಿ ಮುದ್ರೆ ಒತ್ತುತ್ತಾರೆ. ಮರಳಿ ಬರುವಾಗ ‘ಇದು ಇಲ್ಲಿಂದಲೇ ಹೋದದ್ದು’ ಎಂಬುದಕ್ಕೆ ಅದೇ ಆಧಾರ. ಕಚೇರಿಯವರು ಅದರ ಪ್ರತಿ ಇಟ್ಟುಕೊಳ್ಳುವುದಿಲ್ಲ, ಕಳೆದರೆ ಹೊಸದಾಗಿಯೇ ಮಾಡಿಸಬೇಕು. ಗುರಿ ನೋಡಲು ಬಂದೂಕಿನ ಮೇಲೆ ಕೂರಿಸುವ ದುರ್ಬೀನಿಗೂ (ಸ್ಕೋಪ್) ಸೀರಿಯಲ್ ನಂಬರ್ ಇದ್ದರೆ ಅದನ್ನೂ ಅದೇ ಹಾಳೆಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಹೀಗೆ ಗಡಿಯವರೆಗೆ ಕಾರಿನಲ್ಲಿ ಹೋಗುವಾಗ ನಡುವಿನ ರಾಜ್ಯಗಳ ನಿಯಮ ಬೇರೆ ಬೇರೆ ಇರುತ್ತವೆ. ಗುಂಡು ತೆಗೆದು, ಕೈಗೆ ಸಿಗದ ಕಡೆ ಬೀಗ ಹಾಕಿ ಇಟ್ಟರೆ ಹಾದುಹೋಗುವವರಿಗೆ 1986ರ ಕೇಂದ್ರ ಕಾನೂನಿನ ರಕ್ಷಣೆ ಇದೆ.

ಕೆನಡಾ ಗಡಿಗೆ ಬೇಕಾದದ್ದು 5589 ಸಂಖ್ಯೆಯ ಘೋಷಣಾ ಫಾರ್ಮ್. ಮನೆಯಲ್ಲೇ ಭರ್ತಿ ಮಾಡಿ ಮೂರು ಪ್ರತಿ ತೆಗೆದಿಟ್ಟುಕೊಳ್ಳಬೇಕು, ಆದರೆ ಸಹಿ ಮಾತ್ರ ಹಾಕಬಾರದು. ಸಹಿ ಗಡಿ ಅಧಿಕಾರಿಯ ಎದುರೇ ಆಗಬೇಕು. ಎಲ್ಲವನ್ನೂ ಅಚ್ಚುಕಟ್ಟಾಗಿ ಮುಗಿಸುವ ಅಭ್ಯಾಸದವರೇ ಇಲ್ಲಿ ಎಡವುತ್ತಾರೆ, ಸಹಿ ಹಾಕಿಯೇ ತಂದು ಮತ್ತೆ ಬರೆಯುತ್ತಾ ಕೂರುತ್ತಾರೆ. ಮೂರಕ್ಕಿಂತ ಹೆಚ್ಚು ಬಂದೂಕು ಇದ್ದರೆ 5590 ಎಂಬ ಹೆಚ್ಚುವರಿ ಹಾಳೆ ಸೇರಿಸಬೇಕು. ಶುಲ್ಕ ಸುಮಾರು 25 ಕೆನಡಾ ಡಾಲರ್. ಒಂದೇ ಘೋಷಣೆಯಲ್ಲಿ ಬರೆದ ಎಲ್ಲ ಬಂದೂಕಿಗೂ ಸೇರಿ ಒಂದೇ ಶುಲ್ಕ. ಅಧಿಕಾರಿ ಒಪ್ಪಿ ಮುದ್ರೆ ಹಾಕಿದ ಆ ಹಾಳೆ 60 ದಿನ ನಿಮ್ಮ ತಾತ್ಕಾಲಿಕ ಲೈಸೆನ್ಸ್ ಆಗುತ್ತದೆ, ಬಂದೂಕು ಇರುವಲ್ಲೆಲ್ಲ ಅದೂ ಜೊತೆಯಲ್ಲಿರಬೇಕು. ಅವಧಿ ಮುಗಿಯುವ ಮೊದಲು ಆಯಾ ಪ್ರಾಂತ್ಯದ ಮುಖ್ಯ ಬಂದೂಕು ಅಧಿಕಾರಿಯನ್ನು ಕೇಳಿ ವಿಸ್ತರಿಸಿಕೊಳ್ಳಬಹುದು. 18 ವರ್ಷದೊಳಗಿನವರ ಹೆಸರಿನಲ್ಲಿ ಘೋಷಣೆ ಆಗುವುದಿಲ್ಲ.

ಯಾಕೆ ತರುತ್ತಿದ್ದೀರಿ ಎಂದು ಕೇಳಿಯೇ ಕೇಳುತ್ತಾರೆ. ಬೇಟೆ ಶಿಬಿರದ ಕಾಯ್ದಿರಿಸುವಿಕೆ, ಪ್ರಾಂತ್ಯದ ಬೇಟೆ ಲೈಸೆನ್ಸ್, ಸ್ಪರ್ಧೆಯ ಆಹ್ವಾನ, ಅಲಾಸ್ಕಾಕ್ಕೆ ಹಾದುಹೋಗುವ ದಾರಿಯ ವಿವರ, ಹೀಗೆ ಏನಾದರೊಂದು ಕಾಗದ ಕೈಯಲ್ಲಿರಬೇಕು. ‘ಆತ್ಮರಕ್ಷಣೆಗೆ’ ಎಂಬ ಉತ್ತರ ಅಮೆರಿಕದಲ್ಲಿ ಸಹಜ, ಕೆನಡಾದಲ್ಲಿ ಅದೇ ಉತ್ತರ ಬಂದೂಕನ್ನು ಗಡಿಯಲ್ಲೇ ನಿಲ್ಲಿಸುತ್ತದೆ. ಜನವಸತಿಯಿಲ್ಲದ ದೂರದ ಕಾಡಿನಲ್ಲಿ ಕರಡಿಯಂಥ ಪ್ರಾಣಿಗಳಿಂದ ರಕ್ಷಣೆಗೆ ಸಾಮಾನ್ಯ ಉದ್ದ ಬಂದೂಕು (ರೈಫಲ್, ಶಾಟ್‌ಗನ್) ಒಯ್ಯಲು ಅವಕಾಶವಿದೆ, ಪಿಸ್ತೂಲಿಗೆ ಇಲ್ಲ.

ಪಿಸ್ತೂಲಿನ ವಿಷಯವನ್ನು ಒತ್ತಿ ಹೇಳಬೇಕು. ಕಾರಿನ ಗ್ಲೋವ್ ಬಾಕ್ಸಿನಲ್ಲಿ ಪಿಸ್ತೂಲು ಇಟ್ಟುಕೊಳ್ಳುವುದು ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ದಿನನಿತ್ಯದ ಅಭ್ಯಾಸ, ಹಾಗಾಗಿ ಮರೆತು ಬರುವುದೂ ಹೆಚ್ಚು. ಕೆನಡಾ 2022ರಲ್ಲಿ ಪಿಸ್ತೂಲುಗಳ ಖರೀದಿ, ಮಾರಾಟ, ಆಮದನ್ನು ಸಾಮಾನ್ಯ ಜನರಿಗೆ ಮುಚ್ಚಿಬಿಟ್ಟಿದೆ. ಹೊರಡುವ ಹಿಂದಿನ ದಿನ ಕಾರನ್ನು ಪೂರ್ತಿ ಖಾಲಿ ಮಾಡಿ, ಸೀಟಿನ ಅಡಿ, ಬಾಗಿಲಿನ ಜೇಬು, ಸ್ಟೆಪ್ನಿ ಇಡುವ ಗುಳಿ ಎಲ್ಲ ಕೈಯಾಡಿಸಿ ನೋಡಬೇಕು. ಗೆಳೆಯನ ಕಾರು ತಂದಿದ್ದರೆ ಎರಡು ಸಲ ನೋಡಬೇಕು. ಘೋಷಿಸದೇ ಸಿಕ್ಕಿದ ಆಯುಧದ ಜೊತೆ ಕಾರನ್ನೂ ವಶಪಡಿಸಿಕೊಳ್ಳುವ ಅಧಿಕಾರ ಅಲ್ಲಿನ ಗಡಿ ಅಧಿಕಾರಿಗಳಿಗಿದೆ.

ಉದ್ದ ಬಂದೂಕುಗಳೆಲ್ಲವೂ ಒಂದೇ ವರ್ಗದವಲ್ಲ. ಕೆನಡಾದ ಕಾನೂನಿನಲ್ಲಿ ಸಾಮಾನ್ಯ, ನಿರ್ಬಂಧಿತ, ನಿಷೇಧಿತ ಎಂಬ ಮೂರು ವರ್ಗಗಳಿವೆ. ಬೋಲ್ಟ್ ಎಳೆದು ಗುಂಡು ಹಾಕುವ ಬೇಟೆ ರೈಫಲ್, ಜೋಡು ನಳಿಗೆಯ ಶಾಟ್‌ಗನ್ ಸಾಮಾನ್ಯವಾಗಿ ಮೊದಲನೆಯ ವರ್ಗಕ್ಕೆ ಸೇರುತ್ತವೆ. ಸೆಂಟರ್ ಫೈರ್ (ತೋಟಾದ ಬುಡದ ನಡುವೆ ಹೊಡೆತ ಬಿದ್ದು ಸಿಡಿಯುವ) ಅರೆ-ಸ್ವಯಂಚಾಲಿತ (ಪ್ರತಿ ಗುಂಡಿನ ನಂತರ ಮುಂದಿನ ತೋಟಾ ತಾನಾಗಿಯೇ ಬಂದು ಕೂರುವ) ಬಂದೂಕಿನ ನಳಿಗೆ 470 ಮಿಲಿಮೀಟರಿಗಿಂತ ಗಿಡ್ಡವಾಗಿದ್ದರೆ, ಅಥವಾ ಯಾವುದೇ ಬಂದೂಕನ್ನು ಮಡಚಿದಾಗ ಒಟ್ಟು ಉದ್ದ 660 ಮಿಲಿಮೀಟರಿಗಿಂತ ಕಡಿಮೆಯಾದರೂ ಗುಂಡು ಹಾರುವಂತಿದ್ದರೆ ಅದು ನಿರ್ಬಂಧಿತ. ಅದಕ್ಕೆ ಸಾಗಣೆ ಅನುಮತಿಯನ್ನು ಮೊದಲೇ ಪಡೆದಿರಬೇಕು. 2020ರ ಮೇ 1ರ ಆದೇಶ 1,500ಕ್ಕೂ ಹೆಚ್ಚು ಮಾದರಿಗಳನ್ನು ನಿಷೇಧಿತ ಪಟ್ಟಿಗೆ ಸೇರಿಸಿತು. ಎಆರ್-15 ರೈಫಲ್ ಅದರಲ್ಲಿರುವುದು ಹೆಚ್ಚಿನವರಿಗೆ ಗೊತ್ತು. ಹಳ್ಳಿಗಾಡಿನ ರೈತರೂ ಇಟ್ಟುಕೊಳ್ಳುತ್ತಿದ್ದ ರೂಗರ್ ಮಿನಿ-14 ಕೂಡ ಇದೆ ಎಂಬುದು ಗೊತ್ತಿರುವವರು ಕಡಿಮೆ. ಆ ಪಟ್ಟಿ 2024 ಮತ್ತು 2025ರಲ್ಲಿ ಮತ್ತೆ ಬೆಳೆದಿದೆ. ಹಾಗಾಗಿ ಹೋದ ವರ್ಷ ದಾಟಿದ ಬಂದೂಕು ಈ ವರ್ಷವೂ ದಾಟುತ್ತದೆ ಎಂದು ನಂಬುವಂತಿಲ್ಲ, ಪ್ರತಿ ಸಲವೂ ಮಾದರಿಯ ಹೆಸರು ಹಿಡಿದು ನೋಡಬೇಕು.

ಮ್ಯಾಗಜಿನ್ (ಬಂದೂಕಿಗೆ ತೋಟಾ ಉಣಿಸುವ ಡಬ್ಬಿ) ವಿಷಯದಲ್ಲಿ ಸಿಕ್ಕಿಬೀಳುವವರು ಇನ್ನೂ ಹೆಚ್ಚು. ಸೆಂಟರ್ ಫೈರ್ ಅರೆ-ಸ್ವಯಂಚಾಲಿತ ಉದ್ದ ಬಂದೂಕಿನ ಮ್ಯಾಗಜಿನ್‌ಗೆ ಕೆನಡಾದ ಮಿತಿ 5 ಗುಂಡು. ಅದಕ್ಕಿಂತ ಹೆಚ್ಚು ಹಿಡಿಸುವ ಮ್ಯಾಗಜಿನ್ ಖಾಲಿಯಿದ್ದರೂ, ಜೊತೆಯಲ್ಲಿ ಬಂದೂಕೇ ಇಲ್ಲದಿದ್ದರೂ, ತಾನೇ ಒಂದು ನಿಷೇಧಿತ ವಸ್ತು. ಗುರಿ ಅಭ್ಯಾಸದ ಮೈದಾನಕ್ಕೆ (ರೇಂಜ್) ಒಯ್ಯುವ ಚೀಲದ ಪಕ್ಕದ ಜಿಪ್ಪಿನಲ್ಲಿ ಉಳಿದ 20 ಅಥವಾ 30 ಗುಂಡಿನ ಮ್ಯಾಗಜಿನ್ ಒಂದೇ ಸಾಕು, ಇಡೀ ಪ್ರವಾಸ ಅಲ್ಲಿಗೇ ಮುಗಿಯಲು. ರೇಂಜಿನ ಚೀಲವನ್ನು ಮನೆಯಲ್ಲೇ ಬಿಟ್ಟು, ಬೇಟೆಗೆಂದೇ ಒಂದು ಹೊಸ ಚೀಲ ಕಟ್ಟಿಕೊಳ್ಳುವುದು ಲೇಸು. ಬೇಟೆಗೆ ಬರುವವರು 200 ತೋಟಾಗಳನ್ನು ಸುಂಕವಿಲ್ಲದೆ ತರಬಹುದು. ಕರಡಿಗೆ ಎಂದು ಲೇಬಲ್ ಇರುವ ಸ್ಪ್ರೇ ಒಯ್ಯಬಹುದು. ಮನುಷ್ಯರ ಮೇಲೆ ಬಳಸುವ ಪೆಪ್ಪರ್ ಸ್ಪ್ರೇ, ಗುಂಡಿ ಒತ್ತಿದರೆ ತೆರೆದುಕೊಳ್ಳುವ ಚಾಕು ಎರಡೂ ನಿಷಿದ್ಧ.

ಸಾಗಿಸುವಾಗ ಚೇಂಬರ್ (ಹಾರಿಸಲಿರುವ ತೋಟಾ ಕೂರುವ ನಳಿಗೆಯ ಬುಡ), ಮ್ಯಾಗಜಿನ್ ಎರಡೂ ಖಾಲಿಯಿರಬೇಕು. ಸಾಮಾನ್ಯ ವರ್ಗದ ಬಂದೂಕಿಗೆ ಪ್ರಯಾಣದಲ್ಲಿ ಟ್ರಿಗರ್ ಲಾಕ್ ಕಡ್ಡಾಯವಲ್ಲ. ಆದರೂ ಲಾಕ್ ಹಾಕಿ, ಬೋಲ್ಟ್ ಬೇರೆ ಮಾಡಿ, ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ತಪಾಸಣೆ ಬೇಗ ಮುಗಿಯುತ್ತದೆ. ತೋಟಾಗಳು ಬೇರೆ ಡಬ್ಬಿಯಲ್ಲಿರಲಿ. ಊಟಕ್ಕೆ ಇಳಿದಾಗ ಬಂದೂಕು ಡಿಕ್ಕಿಯೊಳಗೆ ಬೀಗದಲ್ಲಿರಬೇಕು. ಎಸ್‌ಯುವಿ, ಪಿಕಪ್‌ಗಳಂತೆ ಪ್ರತ್ಯೇಕ ಡಿಕ್ಕಿ ಇಲ್ಲದ ಗಾಡಿಯಾದರೆ ಹೊರಗಿನಿಂದ ಕಣ್ಣಿಗೆ ಬೀಳದಂತೆ ಮುಚ್ಚಿ ಬಾಗಿಲುಗಳನ್ನು ಲಾಕ್ ಮಾಡಬೇಕು. ಗಡಿಯ ಕಿಟಕಿಯಲ್ಲಿ ಪಾಸ್‌ಪೋರ್ಟ್ ಕೊಡುತ್ತಲೇ ‘ಡಿಕ್ಕಿಯಲ್ಲಿ ಬೇಟೆ ರೈಫಲ್ ಇದೆ, ಖಾಲಿಯಿದೆ, ಫಾರ್ಮ್ ತುಂಬಿದ್ದೇನೆ’ ಎಂದು ತಾವಾಗಿಯೇ ಹೇಳಬೇಕು. ಅವರು ಹೇಳುವ ತನಕ ಇಳಿಯಬಾರದು, ಪೆಟ್ಟಿಗೆ ಮುಟ್ಟಬಾರದು. ಬಂದೂಕು ತೆಗೆದು ತೋರಿಸಲು ಮುಂದಾಗುವುದು ಸೌಜನ್ಯ ಎಂದು ನಮ್ಮವರು ತಿಳಿಯುತ್ತಾರೆ, ಅಧಿಕಾರಿಗೆ ಅದು ಅಪಾಯದ ಸೂಚನೆಯಾಗಿ ಕಾಣುತ್ತದೆ. ಹಿಂದೆ ಕುಡಿದು ವಾಹನ ಓಡಿಸಿದ ಪ್ರಕರಣದಲ್ಲಿ ಶಿಕ್ಷೆಯಾಗಿದ್ದರೆ ಬಂದೂಕಿನ ಮಾತು ಹಾಗಿರಲಿ, ವ್ಯಕ್ತಿಗೇ ಪ್ರವೇಶ ಸಿಗದೇ ಹೋಗಬಹುದು. 2018ರ ಡಿಸೆಂಬರಿನಿಂದ ಕೆನಡಾ ಅದನ್ನು ಗಂಭೀರ ಅಪರಾಧಗಳ ಸಾಲಿಗೆ ಸೇರಿಸಿದೆ.

ದಕ್ಷಿಣದ ಮೆಕ್ಸಿಕೊ ಗಡಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಅಲ್ಲಿನ ಸೇನೆಯ ಅನುಮತಿ ಮೊದಲೇ ಇಲ್ಲದೆ ಬಂದೂಕಿರಲಿ, ಸೀಟಿನಡಿ ಉರುಳಿದ ಒಂದು ತೋಟಾ ಕೂಡ ಜೈಲಿಗೆ ಕಳಿಸಬಲ್ಲದು. ಜರ್ಮನಿ ಮುಂತಾದ ಕಡೆ ನೆಲೆಸಿದವರಿಗೆ ಐರೋಪ್ಯ ಒಕ್ಕೂಟದೊಳಗೆ ‘ಯುರೋಪಿಯನ್ ಫೈರ್‌ಆರ್ಮ್ಸ್ ಪಾಸ್’ ಇದೆ. ಅದರಲ್ಲಿ ನಮೂದಾದ ಬಂದೂಕು, ಬೇಟೆಯ ಆಹ್ವಾನ ಪತ್ರ ಎರಡೂ ಜೊತೆಯಲ್ಲಿರಬೇಕು.

ಇನ್ನು ನಮ್ಮ ದೇಶದ ಮಾತು. 1959ರ ಆಯುಧ ಕಾಯ್ದೆಯ 10ನೇ ಕಲಮು ಸಮುದ್ರ, ನೆಲ, ಆಕಾಶ ಯಾವ ಮಾರ್ಗದಿಂದಲೂ ಪರವಾನಗಿಯಿಲ್ಲದೆ ಆಯುಧ ತರುವುದನ್ನೂ ಒಯ್ಯುವುದನ್ನೂ ತಡೆಯುತ್ತದೆ. ನೇಪಾಳದ ಗಡಿಯನ್ನು ನಾವು ಪಾಸ್‌ಪೋರ್ಟ್ ಇಲ್ಲದೆ ದಾಟಬಹುದು, ಬಂದೂಕು ದಾಟುವಂತಿಲ್ಲ. ಇಲ್ಲಿನ ಲೈಸೆನ್ಸಿನಲ್ಲಿ ಅದು ಚಲಾವಣೆಯಾಗುವ ಪ್ರದೇಶ ಬರೆದಿರುತ್ತದೆ. ಕರ್ನಾಟಕಕ್ಕೆ ಸೀಮಿತವಾದ ಲೈಸೆನ್ಸ್ ಹಿಡಿದು ಅತ್ತಿಬೆಲೆ ದಾಟಿ ಹೊಸೂರಿಗೆ ಹೋದರೂ ತಪ್ಪೇ.

ಕೊನೆಯದಾಗಿ, ಬೆಂಗಳೂರಿನ ಮನೆಗಳಿಗೆ ನೇರವಾಗಿ ತಟ್ಟುವ ವಿಷಯ. ಬೇಟೆಗೆ ಒಯ್ದ ಬ್ಯಾಗ್, ಜಾಕೆಟ್‌ಗಳನ್ನೇ ರಜೆಗೆ ಊರಿಗೆ ಬರುವಾಗಲೂ ತರುತ್ತಾರೆ. ಒಳಪದರದಲ್ಲಿ ಜಾರಿ ಕುಳಿತ ಒಂದು ತೋಟಾ ಅಲ್ಲಿನ ತಪಾಸಣೆಯಲ್ಲಿ ತಪ್ಪಿಸಿಕೊಂಡು, ವಾಪಸು ಹೊರಡುವಾಗ ದೇವನಹಳ್ಳಿಯ ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಕಾಣಿಸಿಕೊಳ್ಳಬಹುದು. ಆಗ ಆಯುಧ ಕಾಯ್ದೆಯ 25ನೇ ಕಲಮಿನಡಿ ಪ್ರಕರಣ ದಾಖಲಾಗುತ್ತದೆ, ವಿಮಾನ ತಪ್ಪುತ್ತದೆ. ತನ್ನ ಬಳಿ ಇದೆ ಎಂಬ ಅರಿವಿಲ್ಲದೆ ಇದ್ದದ್ದು ಅಪರಾಧವಾಗದು ಎಂಬ ತತ್ವವನ್ನು ಸುಪ್ರೀಂ ಕೋರ್ಟ್ ಒಪ್ಪಿದೆ, ಒಂಟಿ ತೋಟಾದ ಪ್ರಕರಣಗಳನ್ನು ಹೈಕೋರ್ಟ್‌ಗಳು ರದ್ದು ಮಾಡಿದ್ದೂ ಇದೆ. ಆದರೆ ಆ ಆದೇಶ ಕೈಗೆ ಬರುವ ಹೊತ್ತಿಗೆ ವಕೀಲರ ಖರ್ಚು, ತಿಂಗಳುಗಳ ಅಲೆದಾಟ, ವೀಸಾ ನವೀಕರಣದ ಅರ್ಜಿಯಲ್ಲಿ ಆ ಪ್ರಕರಣಕ್ಕೆ ವಿವರಣೆ ಕೊಡುವ ಕಷ್ಟ ಎಲ್ಲವೂ ಆಗಿಹೋಗಿರುತ್ತದೆ. ಸುಟ್ಟ ತೋಟಾದ ಹಿತ್ತಾಳೆ ಕೊಳವೆಯನ್ನು ಕೀ ಚೈನಾಗಿ ತರುವುದೂ ಬೇಡ. ಬೇಟೆಯ ಬ್ಯಾಗನ್ನು ವಿಮಾನಕ್ಕೆ ಬಳಸಲೇಬೇಡಿ ಎಂದು ಮಕ್ಕಳಿಗೆ ಇಂದೇ ಫೋನಿನಲ್ಲಿ ಹೇಳಿ. ತಂದೇ ಬಿಟ್ಟಿದ್ದರೆ ಹೊರಡುವ ಹಿಂದಿನ ದಿನ ಒಳಗಿನ ಬಟ್ಟೆಯನ್ನು ಹೊರಮಗ್ಗುಲಾಗಿಸಿ, ಹೊಲಿಗೆಗಳ ಉದ್ದಕ್ಕೂ ಬೆರಳಾಡಿಸಿ ನೋಡಿ.

ಇಂತಿ,
ರೈಫಲ್ ಶೂಟಿಂಗ್ ಕ್ರೀಡಾಸಕ್ತರು
ಜಯನಗರ, ಬೆಂಗಳೂರು