ಲಿಂಫ್ ನೋಡ್ ಕೊಡುವ ಮುಂಚೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಎಚ್‌ಐವಿ ಸಂಶೋಧನೆಗೆ ತೊಡೆಸಂದಿನ ಒಂದು ಲಿಂಫ್ ನೋಡ್ (ಸೋಂಕಿನ ವಿರುದ್ಧ ಹೋರಾಡುವ ಕಣಗಳು ಸೇರುವ ಪುಟ್ಟ ಗ್ರಂಥಿ) ಕೊಡ್ತೀರಾ ಅಂತ ಅಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೇಳಿದ್ದಾರೆ, ಏನು ಮಾಡಲಿ ಅಂತ ಬರೆದಿದ್ದೀಯ. ಬೇರೆಯವರಿಗೂ ಉಪಯೋಗವಾಗಲಿ, ಹೆಸರು ಬಿಟ್ಟು ಎಲ್ಲರೂ ಓದುವ ಹಾಗೆ ಬರಿ ಅಂತಲೂ ನೀನೇ ಹೇಳಿದೆ. ಹಾಗೇ ಮಾಡುತ್ತಿದ್ದೇನೆ.

ರಕ್ತ ಕೊಟ್ಟರೆ ಸಾಲದಾ ಅಂತ ಕೇಳಿದ್ದೀಯಲ್ಲ, ಸಾಲದು. ಈ ವೈರಸ್ ಮುಖ್ಯವಾಗಿ ಸೇರಿಕೊಳ್ಳುವುದು ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣಗಳಲ್ಲಿ. ಅವುಗಳಲ್ಲಿ ರಕ್ತದಲ್ಲಿ ಓಡಾಡುವುದು ನೂರಕ್ಕೆ ಎರಡರಷ್ಟು ಮಾತ್ರ. ಮಿಕ್ಕವು ಲಿಂಫ್ ನೋಡ್, ಕರುಳು, ಗುಲ್ಮ ಇಂಥ ಕಡೆ ಇರುತ್ತವೆ. ರೋಗಿ ಆರಾಮಾಗಿದ್ದಾಗಲೂ ವೈರಸ್ ಲಿಂಫ್ ನೋಡ್‌ಗಳಲ್ಲಿ ತುಂಬಿಕೊಂಡಿರುತ್ತದೆ ಅಂತ 1993ರಲ್ಲೇ ಅಮೆರಿಕದ ಎರಡು ತಂಡಗಳು ತೋರಿಸಿದವು. ಎಚ್‌ಐವಿ ಮಾತ್ರೆ ತಗೊಳ್ತಿರುವ ನಿನ್ನ ರಿಪೋರ್ಟಿನಲ್ಲಿ ವೈರಸ್ ಕಾಣುತ್ತಿಲ್ಲ ಅಂತ ಬರುತ್ತದಲ್ಲ, ಅದು ರಕ್ತದ ಲೆಕ್ಕ. ದಕ್ಷಿಣ ಆಫ್ರಿಕಾದ ಡರ್ಬನ್ ಪಕ್ಕದ ಉಮ್ಲಾಜಿಯಲ್ಲಿ 2012ರಲ್ಲಿ ಫ್ರೆಶ್ ಅನ್ನುವ ಅಧ್ಯಯನ ಶುರುವಾಯಿತು. 18ರಿಂದ 23 ವರ್ಷದ ಹುಡುಗಿಯರಿಗೆ ವಾರಕ್ಕೆ ಎರಡು ಸಲ ಎಚ್‌ಐವಿ ಪರೀಕ್ಷೆ. ಸೋಂಕು ತಗುಲಿದ ಕೆಲವೇ ದಿನಗಳಲ್ಲಿ ಮಾತ್ರೆ ಶುರು ಮಾಡಿದ ಕೆಲವರು ತಮ್ಮ ನೋಡ್ ಕೊಟ್ಟರು. ಅಷ್ಟು ಬೇಗ ಔಷಧ ಬಿದ್ದರೂ ಒಳಗೆ ವೈರಸ್ಸಿನ ಕುರುಹು ಸಿಕ್ಕಿತು. ಆ ಹುಡುಗಿಯರು ಕೊಡದಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ಇನ್ನು ನಿನ್ನ ಭಯದ ವಿಷಯ. ನಮ್ಮ ಕಡೆ ಕುತ್ತಿಗೆಯಲ್ಲಿ ಗಂಟು ಅಂದರೆ ಮೊದಲು ಟಿಬಿಯ ಅನುಮಾನ. ಹಾಗಾಗಿ ನೋಡ್ ತೆಗೆಯುವುದು ನನಗೆ ರೂಢಿಯ ಕೆಲಸ. ಆ ಜಾಗ ಮರಗಟ್ಟಿಸಲು ಲಿಗ್ನೋಕೇನ್ ಚುಚ್ಚುವಾಗ ಉರಿಯುತ್ತದೆ. ಆಮೇಲೆ ಯಾರೋ ಒಳಗೆ ಎಳೆದಂತಾಗುತ್ತದೆ, ಅಷ್ಟೇ. ಕೆಲವು ಸೆಂಟಿಮೀಟರ್ ಸೀಳಿ ಹಳದಿ ಕೊಬ್ಬು ಬಿಡಿಸುತ್ತಾ ಹೋದರೆ ಅವರೆಕಾಳಿನಂಥ ನೋಡ್ ಸಿಗುತ್ತದೆ. ಅದರ ಬುಡದಲ್ಲಿ ಸಣ್ಣ ರಕ್ತನಾಳ, ಸುತ್ತ ಕಣ್ಣಿಗೆ ಸರಿಯಾಗಿ ಕಾಣದ ಲಿಂಫ್ ನಾಳಗಳು. ಇವನ್ನು ತಾಳ್ಮೆಯಿಂದ ಕಟ್ಟಬೇಕು. ಸುಮ್ನೆ ಕತ್ತರಿಸಿಬಿಟ್ಟರೆ ಆಮೇಲೆ ನೀರು ತುಂಬಿ ಊದುತ್ತದೆ. ಸೋಂಕು, ರಕ್ತ ಹೆಪ್ಪುಗಟ್ಟಿ ಬಾವು, ತೊಡೆಯ ಚರ್ಮ ಸ್ವಲ್ಪ ಜೋಮು ಹಿಡಿದಂತಾಗುವುದು, ಇವೂ ಆಗಬಹುದು. ಹೆಚ್ಚಿನವು ತಾವೇ ವಾಸಿಯಾಗುತ್ತವೆ. ಕಾಲು ಆನೆಕಾಲಿನ ಹಾಗೆ ಊದುತ್ತಾ ಅಂತ ಕೇಳಿದ್ದೀಯ. ಅಂಥ ಊತ ಬರುವುದು ಸಾಮಾನ್ಯವಾಗಿ ಕ್ಯಾನ್ಸರ್‌ಗಾಗಿ ನೋಡ್‌ಗಳ ಇಡೀ ಗುಂಪನ್ನೇ ತೆಗೆದಾಗ. ಒಂದೇ ನೋಡ್ ತೆಗೆದರೆ ತೀರಾ ಅಪರೂಪ.

ಆದರೂ ಒಂದು ಮಾತು ನನ್ನನ್ನು ಕಾಡುತ್ತದೆ. ನನ್ನ ಟಿಬಿ ರೋಗಿಗೆ ಆ ಗಾಯದಿಂದ ಉತ್ತರ ಸಿಗುತ್ತದೆ, ಔಷಧ ಸಿಗುತ್ತದೆ. ನಿನಗೆ ಗಾಯ ಬಿಟ್ಟು ಏನೂ ಸಿಗುವುದಿಲ್ಲ. ಹಾಗಾಗಿ ನಿನ್ನ ವಿಷಯದಲ್ಲಿ ಎಚ್ಚರಿಕೆ ಇನ್ನೂ ಜಾಸ್ತಿ ಇರಬೇಕು. ಕೈ ಪಳಗಿದ ಸರ್ಜನ್ನೇ ಮಾಡ್ತಾರಾ, ರಾತ್ರಿ ಊತ ಬಂದರೆ ಯಾರಿಗೆ ಫೋನ್ ಮಾಡಬೇಕು, ಏನಾದರೂ ಆದರೆ ಖರ್ಚು ಯಾರದು, ಇಷ್ಟನ್ನು ಬಾಯಿಬಿಟ್ಟು ಕೇಳು. ರಕ್ತ ತೆಳುಮಾಡುವ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳು. ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿಯಲ್ಲಿ ಜೀವಕೋಶಗಳನ್ನು ಎಳೆಯುವ ದಾರಿಯೂ ಇದೆ. ಗಾಯ ಕಡಿಮೆ. ಆದರೆ ಸಿಗುವ ಜೀವಕೋಶಗಳೂ ಕಡಿಮೆ, ವೈರಸ್ ನೋಡ್‌ನ ಯಾವ ಭಾಗದಲ್ಲಿ ಕೂತಿತ್ತು ಅನ್ನೋದು ತಿಳಿಯಲ್ಲ. ಅದು ಅವರ ಕೆಲಸಕ್ಕೆ ಸಾಕಾಗುತ್ತಾ ಅಂತ ಕೇಳುವ ಹಕ್ಕು ನಿನಗಿದೆ.

ಎಲ್ಲಕ್ಕಿಂತ ಮುಖ್ಯ: ನೋಡ್ ತೆಗೆಯುವುದರ ಜೊತೆಗೆ ಎಚ್‌ಐವಿ ಮಾತ್ರೆ ನಿಲ್ಲಿಸುವ ಷರತ್ತು ಇದೆಯಾ ನೋಡು. ಕೆಲವು ಅಧ್ಯಯನಗಳಲ್ಲಿ ಇರುತ್ತದೆ. ನನಗೆ ಹೆದರಿಕೆ ಚಾಕುವಿನದಲ್ಲ, ಇದರದ್ದು. 33 ದೇಶಗಳ 5,472 ಜನರ ಸ್ಮಾರ್ಟ್ ಅಧ್ಯಯನದಲ್ಲಿ ಮಾತ್ರೆ ಬಿಟ್ಟು ಬಿಟ್ಟು ತಗೊಂಡವರಲ್ಲಿ ಕಾಯಿಲೆ, ಸಾವು ಎರಡೂ ಜಾಸ್ತಿಯಾದವು. 2006ರಲ್ಲಿ ಆ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಈಗ ನಿಲ್ಲಿಸುವ ಅವಧಿ ಚಿಕ್ಕದು, ಪರೀಕ್ಷೆ ಬಿಗಿ, ನಿಜ. ಆದರೆ ವೈರಸ್ ಏರಿದರೆ ನಿನ್ನ ಸಂಗಾತಿಗೂ ಹರಡಬಹುದು. ಅದನ್ನು ಇಬ್ಬರೂ ಕೂತು ಮಾತಾಡಿಯೇ ತೀರ್ಮಾನಿಸಬೇಕು, ಅಲ್ವಾ?

ಬರೀ ನೋಡ್ ಮಾತ್ರ ಕೇಳಿದ್ದರೆ, ಉತ್ತರಗಳು ಸಮಾಧಾನ ಕೊಟ್ಟರೆ, ಕೊಡು ಅಂತಲೇ ನಾನು ಹೇಳೋದು. ಬೇಡ ಅನ್ನಿಸಿದರೆ ಸಹಿ ಹಾಕಿದ ಮೇಲೂ ಬೇಡ ಅನ್ನಬಹುದು, ನಿನ್ನ ಚಿಕಿತ್ಸೆಗೆ ಅದರಿಂದ ತೊಂದರೆ ಆಗಬಾರದು. ಆ ಒಪ್ಪಿಗೆ ಪತ್ರದ ಎಲ್ಲಾ ಪುಟಗಳ ಫೋಟೋ ಕಳಿಸು. ಓದಿ ಭಾನುವಾರ ಫೋನ್ ಮಾಡ್ತೀನಿ.

ನಿನ್ನ ಗೆಳೆಯ